ಒಬ್ಬ ಸಾಮಾನ್ಯ ಓದುಗನ ಅರಿಕೆ

(ಸಂಘದ ವಾಚನಾಲಯದ ವಾರ್ಷಿಕ ದಿನದಂದು ಮುಂಬಯಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಪ್ರಾಧ್ಯಾಪಕರು, ಕವಿಗಳು, ವಿಮರ್ಶಕರು ಮಾತನಾಡುವುದು ವಾಡಿಕೆ. ನಾನು ಈ ಮೂವರಲ್ಲಿ ಯಾರೂ ಅಲ್ಲ. ಮೂವತ್ತೈದು ವರ್ಷ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಜೀವಮಾನದಲ್ಲಿ ನಾನು ಬರೆದದ್ದೆಲ್ಲ ಜಮಾ ಖರ್ಚು ಮಾತ್ರ. ಆದರೂ ನನ್ನನ್ನು ಕರೆದಿದ್ದೀರಿ. ಓದುಗನೆಂಬ ಒಂದೇ ಅರ್ಹತೆಯ ಮೇಲೆ ಒಪ್ಪಿಕೊಂಡು ಬಂದಿದ್ದೇನೆ. ಆ ಅರ್ಹತೆಯೂ ನನಗೆ ಪೂರ್ಣವಾಗಿ ಉಂಟೇ ಎಂಬ ಸಂಶಯ ನನ್ನದೇ ಆಗಿದೆ. ಅದನ್ನೇ ಇಂದು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

2025ರ ಮಳೆಗಾಲದಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರು ತೀರಿಕೊಂಡರು. ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿದ್ದವರು. ಡೊಂಬಿವಲಿಯಿಂದ ವಿ.ಟಿ.ಯವರೆಗೆ ಇಪ್ಪತ್ತು ವರ್ಷ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಪ್ರಯಾಣ ಮಾಡಿದವರು. ನಾನು ಅವರನ್ನು ರಾಯರೇ ಎನ್ನುತ್ತಿದ್ದೆ. ಅವರು ನನ್ನನ್ನು ಮಾರಾಯರೇ ಎಂದು ನನ್ನ ಕರಾವಳಿಯ ಮಾತಿನಲ್ಲೇ ಕರೆದು ನಗುತ್ತಿದ್ದರು. ಅವರಿದ್ದ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುವುದಿತ್ತು. ಮನೆಯನ್ನು ಬೇಗ ತೆರವು ಮಾಡಬೇಕಿತ್ತು. ವಿದೇಶದಿಂದ ಬಂದಿದ್ದ ಮಗ ಬಹಳ ವಿನಯದಿಂದ ಫೋನು ಮಾಡಿ, "ಅಂಕಲ್, ಅಪ್ಪನ ಎರಡು ಕಪಾಟು ಪುಸ್ತಕ ಇವೆ. ನನಗೆ ಓದಲು ಬರುವುದಿಲ್ಲ. ನಿಮಗೆ ಬೇಕಾದದ್ದು ತೆಗೆದುಕೊಳ್ಳಿ, ಉಳಿದದ್ದನ್ನು ರದ್ದಿಯವನಿಗೆ ಹೇಳಿದ್ದೇನೆ" ಎಂದರು. ನಾನು ಹೋದಾಗ ರದ್ದಿಯವನು ಆಗಲೇ ತಕ್ಕಡಿಯೊಂದಿಗೆ ಬಾಗಿಲಲ್ಲಿ ನಿಂತಿದ್ದ. ಅವನ ತಪ್ಪೇನೂ ಇಲ್ಲ. ಆ ಮಗನದೂ ಇಲ್ಲ. ಆದರೆ ಬೇಂದ್ರೆ, ಕಾರಂತ, ಚಿತ್ತಾಲರು ಕಿಲೋ ಲೆಕ್ಕದಲ್ಲಿ ತೂಗಿಸಿಕೊಳ್ಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಟೆಂಪೋ ಮಾಡಿಸಿ ಅಷ್ಟನ್ನೂ ನನ್ನ ಮನೆಗೆ ತಂದೆ. ಮನೆಯಾಕೆ ಏನೆಂದರೆಂಬುದನ್ನು ಇಲ್ಲಿ ಹೇಳುವುದು ಅನಗತ್ಯ.

ಆ ಪುಸ್ತಕಗಳಲ್ಲಿ ನನಗೆ ಸಿಕ್ಕಿದ್ದೊಂದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನನ್ನ ಓದಿನ ಕಥೆ.

ನಾನು 1967ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಉಡುಪಿಯ ಕಡೆಯಿಂದ ಈ ನಗರಕ್ಕೆ ಬಂದೆ. ಮನೆಯ ಮಾತು ತುಳು, ಶಾಲೆಯ ಮಾತು ಕನ್ನಡ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗುವುದು. ನಮ್ಮಂಥ ಸಾವಿರಾರು ಹುಡುಗರನ್ನು ಆ ರಾತ್ರಿಶಾಲೆಗಳು ದಡ ಮುಟ್ಟಿಸಿದವು ಎಂಬುದನ್ನು ಈ ಸಭೆಯಲ್ಲಿ ಕುಳಿತ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ನನ್ನ ಮೊದಲ ಗ್ರಂಥಾಲಯವೆಂದರೆ ಊರಿನಿಂದ ಬರುವ ಹಪ್ಪಳ, ಸಂಡಿಗೆಗಳ ಪೊಟ್ಟಣ. ಅದಕ್ಕೆ ಸುತ್ತಿದ ಹಳೆಯ ಪತ್ರಿಕೆಯ ಹಾಳೆಯನ್ನು ಬಿಡಿಸಿ, ಎಣ್ಣೆಯ ಕಲೆಯ ನಡುವೆ ಧಾರಾವಾಹಿಯ ಒಂದು ಕಂತನ್ನು ಓದುತ್ತಿದ್ದೆ. ಹಿಂದಿನದೂ ಗೊತ್ತಿಲ್ಲ, ಮುಂದಿನದೂ ಗೊತ್ತಿಲ್ಲ. ಊರಿನ ಸುದ್ದಿಯೂ ನಮಗೆ ಹೀಗೆಯೇ ನಡುವಿನ ತುಂಡಾಗಿ ಬರುತ್ತಿತ್ತಲ್ಲವೇ!

ರಾತ್ರಿಶಾಲೆಯ ಮಾಸ್ತರರೊಬ್ಬರು ತ್ರಿವೇಣಿಯವರ ಕಾದಂಬರಿಗಳನ್ನು ಕೈಗಿತ್ತರು. ಆಮೇಲೆ ಅ.ನ.ಕೃ., ತ.ರಾ.ಸು., ಅವರ ನಂತರ ಕಾರಂತರು. 1960ರಲ್ಲಿ ಪ್ರಕಟವಾದ ಕಾರಂತರ 'ಅಳಿದ ಮೇಲೆ'ಯನ್ನು ನಾನು ಹತ್ತೊಂಬತ್ತರ ವಯಸ್ಸಿನಲ್ಲಿ ಓದಿದೆ. ಮುಂಬಯಿಯಲ್ಲಿ ಒಂಟಿಯಾಗಿ ತೀರಿಕೊಂಡ ಯಶವಂತರಾಯರು ಬಿಟ್ಟುಹೋದ ಬರಹಗಳ ಜಾಡು ಹಿಡಿದು ಅವರ ಬದುಕನ್ನು ಹುಡುಕುವ ಕಥೆ ಅದು. ಅಂದು ಅದು ನನಗೆ ರುಚಿಸಲಿಲ್ಲ. ಸತ್ತವರ ಕಾಗದಪತ್ರದಲ್ಲಿ ಏನಿದ್ದೀತು ಎಂದುಕೊಂಡಿದ್ದೆ. ಹತ್ತೊಂಬತ್ತರವನಿಗೆ ಸಾವು ಬೇರೆಯವರ ಮನೆಯ ವಿಷಯ.

ಕಂಪನಿಗೆ ಸೇರಿದ ಮೇಲೆ ಲೋಕಲ್ ರೈಲೇ ನನ್ನ ವಾಚನಾಲಯವಾಯಿತು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ನಾಲ್ಕಾಗಿ ಮಡಿಸಿದ ಪುಸ್ತಕ. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂತು. ಕಂಪನಿಯೊಂದರ ಒಳಜಗತ್ತಿನಲ್ಲಿ ಬೇಟೆಗೆ ಸಿಕ್ಕ ಮಿಗದಂತಾದ ನಾಗಪ್ಪನ ಕಥೆಯನ್ನು ಓದಿದ ಮೇಲೆ, ಕೆಲವು ದಿನ ನನ್ನ ಮೇಲಧಿಕಾರಿಯ ಕೋಣೆಗೆ ಹೋಗಲು ನನಗೆ ಕಾಲು ಬರಲಿಲ್ಲ. ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ನಮ್ಮ ಡಬ್ಬಿಯಲ್ಲಿ ಪೇಡೆ ಹಂಚಿದವರು ಈ ನನ್ನ ರಾಯರೇ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಓದುವಾಗಲಂತೂ, ಪುಟದಿಂದ ಕಣ್ಣೆತ್ತಿದರೆ ಆ ಪಾತ್ರವೇ ಎದುರಿಗೆ ತೂಕಡಿಸುತ್ತ ನಿಂತಿರುತ್ತಿತ್ತು. ಆ ಕಥೆಗಳ ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ರ ಡಿ.ಎಸ್.ಸಿ. ಪ್ರಶಸ್ತಿಯನ್ನು ಪಡೆದಾಗ ಈ ನಗರದ ಕನ್ನಡಿಗರಾದ ನಮಗೆ ನಮ್ಮದೇ ಮನೆಯ ಗೌರವವೆನ್ನಿಸಿತು.

ಇಷ್ಟು ಓದುತ್ತಿದ್ದವನು 2011ರಲ್ಲಿ ನಿವೃತ್ತನಾದೆ. ಇನ್ನು ಬೇಕಾದಷ್ಟು ಹೊತ್ತು, ಮನಸಾರೆ ಓದಬಹುದು ಎಂದುಕೊಂಡೆ. ಆದದ್ದು ಬೇರೆ. ರೈಲು ನಿಂತಿತು, ಅದರೊಂದಿಗೆ ಓದೂ ನಿಂತಿತು. ಬಿಡುವು ಹೆಚ್ಚಾದಷ್ಟೂ ಓದು ಕಡಿಮೆಯಾಯಿತು. ಮೊದಲು ದೂರದರ್ಶನದ ಧಾರಾವಾಹಿ, ಆಮೇಲೆ ಅಂಗೈಯ ಫೋನು. ದಿನಕ್ಕೆ ನೂರು ಸಂದೇಶ ಓದುತ್ತೇನೆ, ಒಂದು ಪುಸ್ತಕ ಓದುವುದಿಲ್ಲ. ಈ ಭಾಷಣಕ್ಕೆ ಸಿದ್ಧನಾಗಲು ನಮ್ಮ ವಾಚನಾಲಯದ ಎರವಲು ಪುಸ್ತಕವನ್ನು ತೆರೆದು ನೋಡಿದೆ. ಲೆಕ್ಕದವನ ಹಳೆಯ ಚಾಳಿ. ನನ್ನ ಹೆಸರಿನ ಕೊನೆಯ ನಮೂದು 2011ರದು. ಕನ್ನಡ ಉಳಿಯಬೇಕೆಂದು ಇದೇ ವೇದಿಕೆಯ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವನ ಲೆಕ್ಕ ಇದು.

ನನ್ನನ್ನು ಎಚ್ಚರಿಸಿದವಳು ನನ್ನ ಮೊಮ್ಮಗಳು. ಕಾಲೇಜಿನಲ್ಲಿದ್ದಾಳೆ. ಅಜ್ಜಿಯೊಡನೆ ಹರಕು ಮುರುಕು ತುಳು, ಗೆಳತಿಯರೊಡನೆ ಮರಾಠಿ, ಹಿಂದಿ, ಪುಸ್ತಕಕ್ಕೆ ಇಂಗ್ಲಿಷ್. ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಬಾರದು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತಷ್ಟೆ. ಕನ್ನಡದಿಂದ ಅನುವಾದಗೊಂಡ ಕೃತಿಗೆ ಆ ಗೌರವ ಅದೇ ಮೊದಲು. ಕಥಾಸಂಕಲನವೊಂದಕ್ಕೂ ಅದೇ ಮೊದಲು. ಮೊಮ್ಮಗಳು ಪುಸ್ತಕ ತರಿಸಿ ಓದಿದಳು. ಒಂದು ಸಂಜೆ ಬಂದು, "ಅಜ್ಜ, ಇದರ ಕನ್ನಡ ನಿಮ್ಮ ಹತ್ತಿರ ಇದೆಯಲ್ಲ? ಈ ಭಾಗ ಕನ್ನಡದಲ್ಲಿ ಹೇಗಿದೆ, ಓದಿ ಹೇಳಿ" ಎಂದಳು. ನನ್ನ ಹತ್ತಿರ ಇರಲಿಲ್ಲ. ಆ ಲೇಖಕಿಯ ಒಂದು ಕಥೆಯನ್ನೂ ನಾನು ಓದಿರಲಿಲ್ಲ. ಅವರ 'ಕರಿ ನಾಗರಗಳು' ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 2004ರಲ್ಲಿ ಮಾಡಿದ 'ಹಸೀನಾ' ಚಿತ್ರವನ್ನು ನೋಡಿದ್ದೆ, ಅಷ್ಟೆ. ಅವರ ಮೊದಲ ಸಂಕಲನ 1990ರಷ್ಟು ಹಿಂದೆಯೇ ಬಂದಿತ್ತು. ನಾನು ರೈಲಿನಲ್ಲಿ ದಿನಕ್ಕೆ ಎರಡು ಗಂಟೆ ಓದುತ್ತಿದ್ದ ಕಾಲ ಅದು. ಆದರೂ ಅವರನ್ನು ಏಕೆ ಓದಲಿಲ್ಲ? ಪ್ರಾಮಾಣಿಕವಾಗಿ ಹೇಳುತ್ತೇನೆ: ಅದು ನಮ್ಮ ಕಥೆಯಲ್ಲ, ಅವರ ಮನೆಯ ಕಥೆ ಎಂದು ಎಲ್ಲೋ ಒಳಗೆ ಅಂದುಕೊಂಡಿದ್ದೆ.

ಈಗ ಓದಿದ್ದೇನೆ. 'ಎದೆಯ ಹಣತೆ'ಯಲ್ಲಿ ಗಂಡನಿಂದ ಪರಿತ್ಯಕ್ತಳಾಗಿ ತವರಿಗೆ ಬಂದ ಹೆಣ್ಣನ್ನು ಅಣ್ಣತಮ್ಮಂದಿರು ಮರ್ಯಾದೆಯ ಹೆಸರಿನಲ್ಲಿ ಅದೇ ಮನೆಗೆ ಹಿಂದಿರುಗಿಸುತ್ತಾರೆ. ಅಂಥ ಒಬ್ಬ ಅಣ್ಣನ ಮಾತನ್ನು ನಾನು ನನ್ನ ಸ್ವಂತ ಚಾವಡಿಯಲ್ಲಿ ಕೇಳಿದ್ದೇನೆ. ಅಂದು ಸುಮ್ಮನೆ ಕುಳಿತಿದ್ದೆ. ಹೆಸರು ಬೇರೆ, ಮತ ಬೇರೆ, ಮಾತು ಅದೇ. ಕೆಲವು ಕಥೆಗಳ ಕೊನೆ ಅವಸರದ್ದೆಂದೂ, ಲೇಖಕಿಯ ಸಿಟ್ಟು ಕಥೆಗಿಂತ ಮುಂದೆ ಓಡುತ್ತದೆಂದೂ ನನಗೆ ಅನ್ನಿಸಿತು. ಆದರೆ ಆ ಸಿಟ್ಟಿಗೆ ಕಾರಣವಿಲ್ಲವೆಂದು ಹೇಳಲಾರೆ. ದೀಪಾ ಭಾಸ್ತಿಯವರು ತಮ್ಮ ಅನುವಾದದಲ್ಲಿ ನಮ್ಮ ಕಡೆಯ ಪದಗಳನ್ನು ಓರೆ ಅಕ್ಷರದಲ್ಲಿ ಅಚ್ಚು ಮಾಡಿಸದೆ, ಪರಕೀಯವೆಂಬಂತೆ ತೋರಿಸದೆ ಹಾಗೆಯೇ ಇಟ್ಟಿದ್ದಾರೆ. ಪರನಾಡಿನಲ್ಲಿ ಬದುಕುವ ನಮಗೆ ಇದರ ಬೆಲೆ ಗೊತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾನು ಅವರು ಮೈಸೂರು ದಸರಾ ಉದ್ಘಾಟಿಸುವ ವಿಷಯಕ್ಕೆ ಎಷ್ಟೊಂದು ವಾದವಾಯಿತು, ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನನ್ನ ಫೋನಿಗೂ ಎರಡೂ ಪಕ್ಷದ ಸಂದೇಶಗಳು ಬಂದವು. ಹಾಗೆ ಕಳುಹಿಸಿದವರಲ್ಲಿ ಒಬ್ಬರಾದರೂ ಅವರ ಒಂದು ಕಥೆಯನ್ನು ಉಲ್ಲೇಖಿಸಲಿಲ್ಲ. ಓದದೆ ಹೊಗಳುವುದು, ಓದದೆ ತೆಗಳುವುದು, ಎರಡೂ ಒಂದೇ ಜಾತಿಯವು.

ಆ ಸಂಜೆಯ ನಾಚಿಕೆಯಿಂದ ಮತ್ತೆ ಓದತೊಡಗಿದೆ. ವಸುಧೇಂದ್ರರ 'ತೇಜೋ ತುಂಗಭದ್ರಾ' 2019ರದು. ಲಿಸ್ಬನ್ನಿನ ನದಿಯನ್ನೂ ವಿಜಯನಗರದ ನದಿಯನ್ನೂ ಒಂದೇ ಕಥೆಯಲ್ಲಿ ಕೂಡಿಸುವ ದೊಡ್ಡ ಕಾದಂಬರಿ. ಹಡಗಿನ ಭಾಗಗಳನ್ನು ಊಟ ಮರೆತು ಓದಿದೆ. ಕ್ರೌರ್ಯದ ವಿವರಗಳು ಮಾತ್ರ ಒಂದರ ಮೇಲೊಂದು ಬಂದು ನನ್ನನ್ನು ದಣಿಸಿದವು. ಆದರೂ ಧರ್ಮದ ಹೆಸರಿನ ಹಿಂಸೆ ಯಾವ ಒಂದು ದಂಡೆಯ ಸ್ವತ್ತೂ ಅಲ್ಲವೆಂಬುದನ್ನು ಅದು ಗಟ್ಟಿಯಾಗಿ ತಿಳಿಸುತ್ತದೆ. ವಿವೇಕ ಶಾನಭಾಗರ 'ಸಕೀನಾಳ ಮುತ್ತು' 2021ರದು. ಬದುಕನ್ನು ಸುಧಾರಿಸಿಕೊಳ್ಳುವ ಪುಸ್ತಕಗಳನ್ನು ನಂಬಿದ ಮನುಷ್ಯನೊಬ್ಬನಿಗೆ ತನ್ನ ಮಗಳೇ ತಿಳಿಯದೆ ಹೋಗುವ ಕಥೆ. ಓದಿ ಮುಗಿಸಿದ ಮೇಲೆ, ಅರ್ಥವಾಗದ್ದು ಇನ್ನೂ ಉಳಿದಿದೆ ಎನ್ನಿಸಿತು. ಅದು ಪುಸ್ತಕದ ದೋಷವೋ ನನ್ನದೋ ಇನ್ನೂ ತೀರ್ಮಾನವಾಗಿಲ್ಲ, ಮತ್ತೊಮ್ಮೆ ಓದುವವನಿದ್ದೇನೆ.

ಇನ್ನೊಂದು ಪುಸ್ತಕ ಉಳಿದಿದೆ. ಅದೇ ಲೇಖಕರ 'ಘಾಚರ್ ಘೋಚರ್', 2013ರದು. ಅದು ಬಂದ ಹೊಸತರಲ್ಲಿ ರಾಯರು ನನಗೆ ತಂದುಕೊಟ್ಟಿದ್ದರು. ಆರು ತಿಂಗಳು ಮೇಜಿನ ಮೇಲಿಟ್ಟುಕೊಂಡು, "ಚೆನ್ನಾಗಿದೆ ರಾಯರೇ" ಎಂದು ಹಿಂದಿರುಗಿಸಿದ್ದೆ. ಓದಿರಲಿಲ್ಲ. ಅವರಿಗೊಂದು ಅಭ್ಯಾಸವಿತ್ತು. ಪುಸ್ತಕ ಮುಗಿದ ತಾರೀಕು, ಸ್ಥಳಗಳನ್ನು ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆಯುವುದು. 'ಕುರ್ಲಾ ದಾಟಿದ ಮೇಲೆ', 'ಭಾಯಖಳಾ, ಮಳೆಗೆ ರೈಲು ನಿಂತಾಗ' ಎಂದೆಲ್ಲ ಇರುತ್ತಿತ್ತು. ಟೆಂಪೋದಿಂದ ಇಳಿಸಿದ ರಾಶಿಯಲ್ಲಿ ಈ ಪುಸ್ತಕದ ಕೊನೆಯ ಪುಟ ತೆರೆದೆ. ಅವರು ಮುಗಿಸಿದ ತಾರೀಕಿನ ಕೆಳಗೆ ನನ್ನ ಹೆಸರಿತ್ತು. ಅದರ ಮುಂದೆ, 'ಓದಲಿಲ್ಲ. ಇನ್ನೊಮ್ಮೆ ಕೊಡಬೇಕು' ಎಂದಿತ್ತು.

ಬಂಧುಗಳೇ, ಅವರಿಗೆ ಗೊತ್ತಿತ್ತು. ಹನ್ನೆರಡು ವರ್ಷ ನನ್ನೊಡನೆ ಚಹಾ ಕುಡಿದರು, ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ. ಇನ್ನೊಮ್ಮೆ ಕೊಟ್ಟರು, ಕೊಟ್ಟದ್ದು ಮಾತ್ರ ಹೀಗೆ. ಅಂದು ರಾತ್ರಿಯೇ ಕುಳಿತು ಓದಿದೆ. ಇರುವೆ ಮುತ್ತುವ ಪುಟ್ಟ ಮನೆಯಿಂದ ಸಿರಿತನಕ್ಕೆ ಏರಿದ ಕುಟುಂಬವೊಂದು ತನ್ನ ಒಗ್ಗಟ್ಟಿಗಾಗಿ ಏನನ್ನೆಲ್ಲ ನೋಡಿಯೂ ನೋಡದಂತಿರುತ್ತದೆ ಎಂಬ ಕಥೆ. ಬೆಂಗಳೂರಿನ ಕಥೆಯಾದರೂ, ಒಂದು ಕೋಣೆಯಿಂದ ಮೇಲೆ ಬಂದ ನಮ್ಮ ಎಷ್ಟೋ ಮನೆಗಳು ಅದರಲ್ಲಿವೆ. ನಮ್ಮ ಕಾಲದಲ್ಲಿ ಬಂದ ಉತ್ತಮ ಕೃತಿಗಳಲ್ಲಿ ಅದೊಂದು ಎಂದು ನನ್ನ ಅಭಿಪ್ರಾಯ. ಹೇಳಬೇಕಾದವರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತಿದ್ದೇನೆ. 'ಅಳಿದ ಮೇಲೆ'ಯನ್ನೂ ಮತ್ತೆ ಓದಿದೆ. ಸತ್ತವರ ಕಾಗದದಲ್ಲಿ ಏನಿರುತ್ತದೆಂದು ಈಗ ತಿಳಿಯಿತು.

ಕೊನೆಯದಾಗಿ ನಮ್ಮ ವಾಚನಾಲಯದ ಮಾತು. ಈ ಕೋಣೆಯನ್ನು ಸಭಾಗೃಹಕ್ಕೆ ಸೇರಿಸಿಕೊಂಡರೆ ಬಾಡಿಗೆಯ ಆದಾಯ ಬರುತ್ತದೆಂಬ ಸೂಚನೆ ಸಮಿತಿಯ ಮುಂದಿದೆ. ಅದರಲ್ಲಿ ದುರುದ್ದೇಶವಿಲ್ಲ. ಎರವಲು ಪುಸ್ತಕದ ಪುಟ ಖಾಲಿಯಿರುವಾಗ ಖಜಾಂಚಿಯವರು ಮತ್ತೇನು ಹೇಳಬೇಕು? 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ನನ್ನಂತೆ ಮನೆಯಲ್ಲಿ ತುಳು, ಕೊಂಕಣಿ ಆಡಿ ಕನ್ನಡದಲ್ಲಿ ಓದುವವರು ಈ ಲೆಕ್ಕದ ಹೊರಗೆ. ಇಷ್ಟು ಜನರ ಭಾಷೆಗೆ ಒಂದು ಕೋಣೆ ಹೆಚ್ಚಲ್ಲ. ಆದರೆ ಓದುಗರಿಲ್ಲದ ಕೋಣೆಯನ್ನು ಭಾವನೆಯ ಬಲದಿಂದ ಉಳಿಸಿಕೊಳ್ಳಲೂ ಆಗುವುದಿಲ್ಲ.

ಆದ್ದರಿಂದ ಮೂರು ಸಣ್ಣ ಸಲಹೆಗಳು. ಈ ನಗರದಲ್ಲಿದ್ದು ಬರೆದವರ, ಈ ನಗರವನ್ನು ಕುರಿತು ಬರೆದವರ ಪುಸ್ತಕಗಳಿಗೆ ಒಂದು ಕಪಾಟನ್ನು ಶಾಶ್ವತವಾಗಿ ಮೀಸಲಿಡೋಣ. ಉಳಿದವನ್ನು ಓದುವವರ ಮನೆಗೆ ಧಾರಾಳವಾಗಿ ಕಳುಹಿಸೋಣ. ಎರಡನೆಯದು, ತಿಂಗಳಿಗೊಂದು ಭಾನುವಾರ ಒಂದು ಗಂಟೆ ಒಂದು ಕಥೆಯನ್ನು ಗಟ್ಟಿಯಾಗಿ ಓದೋಣ. ಅಕ್ಷರ ಬಾರದ ಮಕ್ಕಳು ಇಂಗ್ಲಿಷ್ ಅನುವಾದವನ್ನು ಕೈಯಲ್ಲಿ ಹಿಡಿದು ಕೇಳಲಿ, ನಾಚಿಕೆಪಡಬೇಕಾದವರು ಅವರಲ್ಲ. ಮೊದಲ ಭಾನುವಾರದ ಓದು ನನ್ನದು, ಮೊಮ್ಮಗಳು ಬರುತ್ತೇನೆಂದಿದ್ದಾಳೆ. ಮೂರನೆಯದು, ಹಾರ, ಶಾಲು, ಫಲಪುಷ್ಪಗಳ ಖರ್ಚಿನಲ್ಲಿ ವರ್ಷಕ್ಕೆ ಹತ್ತು ಹೊಸ ಪುಸ್ತಕ ಕೊಳ್ಳೋಣ. ಅದು ಇಂದಿನಿಂದಲೇ ಆರಂಭವಾಗಲಿ. ಆ ಮೇಜಿನ ಮೇಲೆ ನನಗಾಗಿ ಇಟ್ಟಿರುವ ಶಾಲನ್ನು ದಯವಿಟ್ಟು ಅಂಗಡಿಗೆ ಹಿಂದಿರುಗಿಸಿ.

ರಾಯರ ಪುಸ್ತಕಗಳನ್ನು ಇಂದು ಸಂಘಕ್ಕೆ ಒಪ್ಪಿಸುತ್ತಿದ್ದೇನೆ, ಒಂದನ್ನು ಬಿಟ್ಟು. ಅದನ್ನು ಯಾರಾದರೂ ಕೇಳಿದರೆ ಕೊಡುತ್ತೇನೆ. ಆದರೆ ಓದಿ ಹಿಂದಿರುಗಿಸಬೇಕು. ಓದಲಿಲ್ಲವಾದರೆ ಹಾಗೆಂದು ಹೇಳಬೇಕು.