ಗಂಡ ಜಾರಿದರೆ ನಗೆ, ಹೆಂಡತಿ ಜಾರಿದರೆ ಹೆಣ!

(ಕನ್ನಡದ ಯುವಕ-ಯುವತಿಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



'ರಾಮ ಶಾಮ ಭಾಮ' ಚಿತ್ರ ನೋಡದವರು ಈ ಸಭೆಯಲ್ಲಿ ಕಡಿಮೆ ಅಂದುಕೊಂಡಿದ್ದೇನೆ. 2005ರ ಡಿಸೆಂಬರಿನಲ್ಲಿ ಅದು ಬಿಡುಗಡೆಯಾದಾಗ ನಿಮ್ಮಲ್ಲಿ ಕೆಲವರು ಹುಟ್ಟಿಯೇ ಇರಲಿಲ್ಲ. ಆದರೂ ನೋಡಿದ್ದೀರಿ. ಟಾಕೀಸಿನಲ್ಲಲ್ಲ, ಟಿವಿಯಲ್ಲಿ... ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಅಪ್ಪ ಅಮ್ಮನ ಪಕ್ಕದಲ್ಲಿ ಕೂತು. ಕಮಲಹಾಸನ್ ಬಾಯಿ ತೆರೆದರೆ ನಗು, ಊರ್ವಶಿ ಗದರಿದರೆ ನಗು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವನೇ. ನಗಬೇಡಿ ಎಂದು ಉಪದೇಶ ಮಾಡಲು ಇಲ್ಲಿಗೆ ಬಂದಿಲ್ಲ. ಯಾರನ್ನು ನೋಡಿ ನಗುತ್ತಿದ್ದೇವೆ, ಯಾರ ಪಾಲಿನ ಮಾತನ್ನು ನುಂಗಿಕೊಂಡು ನಗುತ್ತಿದ್ದೇವೆ ಎಂದು ಕೇಳಿಕೊಳ್ಳೋಣ ಅಂತ ಬಂದಿದ್ದೇನೆ.

ಕಥೆ ನಿಮಗೆ ಗೊತ್ತಿದೆ. ಮನೆಯಲ್ಲಿ ಹೆಂಡತಿ, ಮಕ್ಕಳು. ಹೆಂಡತಿ ದಪ್ಪಗಿದ್ದಾಳೆ, ಅಡುಗೆಮನೆಯಲ್ಲೇ ಮುಳುಗಿದ್ದಾಳೆ. ಗಂಡನಿಗೆ ಹೊರಗೊಬ್ಬಳು ತೆಳ್ಳನೆಯ ಚೆಲುವೆ. ಸುಳ್ಳಿನ ಮೇಲೆ ಸುಳ್ಳು, ಆ ಸುಳ್ಳಿಗೆ ತೇಪೆ ಹಾಕಲು ಒಬ್ಬ ಗೆಳೆಯ. ಒಂದು ದಿನ ಎಲ್ಲ ಬಯಲು. ಹೆಂಡತಿ ಉಪಾಯ ಮಾಡಿ ಗಂಡನಿಗೆ ಬುದ್ಧಿ ಕಲಿಸುತ್ತಾಳೆ, ಗಂಡ ಮನೆಗೆ ಬರುತ್ತಾನೆ, ಶುಭಂ! ರಮೇಶ್ ಅರವಿಂದ್ ಗಂಡ, ಶ್ರುತಿ ಹೆಂಡತಿ, ಡೈಸಿ ಬೋಪಣ್ಣ ಆ ಇನ್ನೊಬ್ಬಳು. ನಿರ್ದೇಶನವೂ ರಮೇಶ್ ಅವರದೇ, ಅದು ಅವರ ಮೊದಲ ನಿರ್ದೇಶನ. ನಟನೆಯಲ್ಲಿ ಯಾರನ್ನೂ ದೂರುವಂತಿಲ್ಲ. ವರ್ಷಗಟ್ಟಲೆ ಕಣ್ಣೀರಿನ ಪಾತ್ರಗಳಿಗೇ ಕಟ್ಟಿಹಾಕಲ್ಪಟ್ಟಿದ್ದ ಶ್ರುತಿಗೆ ನಗಿಸುವ ತಾಕತ್ತೂ ಇದೆ ಎಂದು ತೋರಿಸಿಕೊಟ್ಟ ಚಿತ್ರ ಅದು.

ಹಾಗಾದರೆ ನಿರಾಶೆ ಯಾಕೆ? ಕಥೆ ಎಲ್ಲಿಂದ ಹೊರಟು, ಎಲ್ಲೆಲ್ಲಿ ಏನೇನು ಕಳೆದುಕೊಂಡು ಬೆಂಗಳೂರು ತಲುಪಿತು ಎಂದು ನೋಡಿದರೆ ತಿಳಿಯುತ್ತದೆ.

ನಮ್ಮ ಚಿತ್ರ 1995ರ ತಮಿಳಿನ 'ಸತಿ ಲೀಲಾವತಿ'ಯ ರೀಮೇಕು. ಅದನ್ನು ತೆಗೆದವರು ಬಾಲು ಮಹೇಂದ್ರ. ಅಲ್ಲೂ ಗಂಡನ ಪಾತ್ರ ಇದೇ ರಮೇಶ್ ಅರವಿಂದ್, ಗೆಳೆಯನ ಪಾತ್ರ ಇದೇ ಕಮಲಹಾಸನ್. ಅದೇ ಕಥೆಯನ್ನು ಡೇವಿಡ್ ಧವನ್ ಹಿಂದಿಗೆ ಒಯ್ದು 1999ರಲ್ಲಿ 'ಬೀವಿ ನಂಬರ್ ಒನ್' ಮಾಡಿದರು, ಸಲ್ಮಾನ್ ಖಾನ್, ಕರಿಷ್ಮಾ, ಸುಷ್ಮಿತಾ ಸೇನ್. ದುಡ್ಡಿನ ಹೊಳೆ ಹರಿಯಿತು. ತಮಿಳಿನವರಿಗೆ ಇದರ ಎಳೆ ಸಿಕ್ಕಿದ್ದು 1989ರ ಹಾಲಿವುಡ್ಡಿನ 'ಶೀ ಡೆವಿಲ್' ಚಿತ್ರದಿಂದ ಎಂಬುದು ಸಿನಿಮಾ ಬಲ್ಲವರ ಮಾತು. ಮೆರಿಲ್ ಸ್ಟ್ರೀಪ್ ಅಂಥ ನಟಿ ಇದ್ದೂ ಸೊರಗಿದ ಹಾಸ್ಯಚಿತ್ರ ಅದು. ಅದಕ್ಕೂ ಹಿಂದೆ 1986ರಲ್ಲಿ ಬಿಬಿಸಿ ಇದನ್ನು ನಾಲ್ಕು ಕಂತುಗಳಲ್ಲಿ ಟಿವಿಗೆಂದೇ ತೆಗೆದಿತ್ತು. ಅದಕ್ಕೂ ಹಿಂದೆ, 1983ರಲ್ಲಿ, ಫೇ ವೆಲ್ಡನ್ ಎಂಬ ಇಂಗ್ಲೆಂಡಿನ ಲೇಖಕಿ ಬರೆದ ಕಾದಂಬರಿ.

ಆ ಕಾದಂಬರಿಯಲ್ಲಿ ಏನಿದೆ ಗೊತ್ತೇ? ರೂತ್ ಎಂಬ ಎತ್ತರದ, ಒರಟು ಮೈಕಟ್ಟಿನ, ನೋಡುವವರು ಮುಖ ತಿರುಗಿಸುವ ಹೆಂಗಸು. ಗಂಡ ಲೆಕ್ಕಪತ್ರದ ಕೆಲಸದವನು. ಅವನಿಗೆ ಪ್ರೇಮ ಕಾದಂಬರಿ ಬರೆಯುವ ಮೇರಿ ಫಿಶರ್ ಎಂಬ ನಾಜೂಕಿನ ಲೇಖಕಿಯ ಸಂಗ. ಕದ್ದುಮುಚ್ಚಿಯೂ ಅಲ್ಲ! ಒಂದು ದಿನ ಹೆಂಡತಿಯನ್ನೇ ರಾಕ್ಷಸಿ ಎಂದು ಬೈದು ಹೊರಡುತ್ತಾನೆ. ಸರಿ, ರಾಕ್ಷಸಿಯೇ ಆಗಿಬಿಡುತ್ತೇನೆ ಎಂದು ಅವಳು ಎದ್ದು ನಿಲ್ಲುತ್ತಾಳೆ. ಮನೆಗೆ ಬೆಂಕಿ ಇಡುತ್ತಾಳೆ. ಮಕ್ಕಳನ್ನು ಕರೆದೊಯ್ದು ಆ ಲೇಖಕಿಯ ಮನೆಯಲ್ಲಿ ಬಿಡುತ್ತಾಳೆ, ಸಾಕಿ ನೋಡಿ ಅಂತ. ಗಂಡನ ಲೆಕ್ಕದ ಪುಸ್ತಕಗಳನ್ನೇ ಅವನ ಕೊರಳಿಗೆ ಸುತ್ತಿ ಜೈಲಿಗೆ ಕಳಿಸುತ್ತಾಳೆ. ಕೊನೆಗೆ ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತನ್ನ ಸವತಿಯ ರೂಪವನ್ನೇ ಪಡೆದು, ಗಂಡನನ್ನು ಕಾಲಬುಡದ ಆಳಿನಂತೆ ಇಟ್ಟುಕೊಳ್ಳುತ್ತಾಳೆ. ಓದಿದರೆ ನಗು ಬರುತ್ತದೆ, ಬೆನ್ನಿಗೆ ಚಳಿಯೂ ಹತ್ತುತ್ತದೆ. ಅವಳು ಮಾಡಿದ್ದು ಸರಿಯೇ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಆದರೆ ಅವಳ ಸಿಟ್ಟು ನಿಜವಾದದ್ದು.

ಬಿಬಿಸಿಯ ಟಿವಿ ಧಾರಾವಾಹಿ ಈ ಸಿಟ್ಟನ್ನು ಮುಚ್ಚಿಡಲಿಲ್ಲ. ಜೂಲಿ ವಾಲೇಸ್ ಎಂಬ ನಟಿ ರೂತ್ ಆದಳು. ಆ ದೇಶದ ದೊಡ್ಡ ಪ್ರಶಸ್ತಿ ಬಾಫ್ಟಾ ಆ ಧಾರಾವಾಹಿಗೆ ಬಂತು. ಟಿವಿ ಅಂದರೆ ಅಗ್ಗದ ಸರಕು ಎಂದು ಮೂಗು ಮುರಿಯುವವರು ಇದನ್ನು ನೆನಪಿಡಬೇಕು. ನೀರು ಬೆರೆಸಿದ್ದು ಹಾಲಿವುಡ್ಡು. ಶಸ್ತ್ರಚಿಕಿತ್ಸೆ ಹೋಯಿತು, ಕ್ರೌರ್ಯ ಕಡಿಮೆಯಾಯಿತು, ಕೊನೆಗೆ ಗಂಡನೂ ಜೈಲಿನಲ್ಲಿ ಒಳ್ಳೆಯವನಾಗಿಬಿಟ್ಟ. ತಮಿಳಿಗೆ ಬರುವಾಗ ಬೆಂಕಿಯೂ ಆರಿತು, ಜೈಲೂ ಹೋಯಿತು. ಉಳಿದದ್ದು ಒಂದೇ: ಮಕ್ಕಳನ್ನು ಆ ಇನ್ನೊಬ್ಬಳ ಮನೆಯಲ್ಲಿ ಬಿಡುವ ಉಪಾಯ. ಅದು ಗಂಡನನ್ನು ಮುಗಿಸಲಿಕ್ಕಲ್ಲ, ಮನೆಗೆ ಕರೆತರಲಿಕ್ಕೆ! ಹಿಂದಿಯಲ್ಲಿ ಹೆಂಡತಿ ಮಾಡೆಲ್ ಆಗುತ್ತಾಳೆ, ಅಂದರೆ ಗಂಡನ ಕಣ್ಣಿಗೆ ಬೀಳುವಂತೆ ಅವಳೇ ಬದಲಾಗಬೇಕು. ರೂತ್ ಸವತಿಯ ರೂಪ ತಾಳಿದ್ದು ಸೇಡಿಗೆ, ನಮ್ಮವರು ಅದನ್ನು ಸೌಂದರ್ಯವರ್ಧನೆಯ ಪಾಠ ಮಾಡಿಬಿಟ್ಟರು.

ಕನ್ನಡಕ್ಕೆ ಬಂದದ್ದು ಈ ನಾಲ್ಕನೇ ಕೈಯ ಕಥೆ. ನಾಲ್ಕು ಸಲ ಸೋಸಿದ ಕಾಫಿಪುಡಿಯಲ್ಲಿ ಡಿಕಾಕ್ಷನ್ ಎಷ್ಟು ಬರುತ್ತದೆ, ನೀವೇ ಹೇಳಿ.

ಈಗ ತಲೆಬರಹದ ಮಾತಿಗೆ ಬರುತ್ತೇನೆ. ಗಂಡ ಜಾರಿದರೆ ಅದು ಹಾಸ್ಯ. ಹೆಂಡತಿ ಜಾರಿದರೆ? 1973ರಲ್ಲಿ ಪುಟ್ಟಣ್ಣ ಕಣಗಾಲ್ 'ಎಡಕಲ್ಲು ಗುಡ್ಡದ ಮೇಲೆ' ತೆಗೆದರು, ಭಾರತೀಸುತರ ಕಾದಂಬರಿ. ಯುದ್ಧದಿಂದ ಗಾಯಗೊಂಡು ಬಂದ ಗಂಡನಿಂದ ದಾಂಪತ್ಯಸುಖ ಇಲ್ಲ. ಜಯಂತಿ ಮಾಡಿದ ಆ ಮಾಧವಿ ಇನ್ನೊಬ್ಬನತ್ತ ವಾಲುತ್ತಾಳೆ. ಕೊನೆ ಏನು? ಸಾವು. ಬಲು ದೊಡ್ಡ ಚಿತ್ರ, ಆ ಹೆಣ್ಣಿನ ಸಂಕಟವನ್ನು ಅಷ್ಟು ಹತ್ತಿರದಿಂದ ತೋರಿಸಿದ ಧೈರ್ಯಕ್ಕೆ ಇಂದಿಗೂ ಕೈ ಮುಗಿಯಬೇಕು. ಆದರೂ ಸಾಯಿಸದೆ ಬಿಡಲಿಲ್ಲ. ಇತ್ತ, ಯಾವ ಗಾಯವೂ ಇಲ್ಲದ, ಯಾವ ಕೊರತೆಯೂ ಇಲ್ಲದ 'ರಾಮ ಶಾಮ ಭಾಮ'ದ ಗಂಡನಿಗೆ ಸಿಗುವುದೇನು? ಒಂದಿಷ್ಟು ಪೇಚಾಟ, ಮತ್ತೆ ಅದೇ ಬಿಸಿ ಊಟ!

ನಮ್ಮ ಮಾತನ್ನೇ ನೋಡಿ. ಹೆಂಗಸರ ಹಿಂದೆ ಸುತ್ತುವ ಗಂಡಸಿಗೆ ಕನ್ನಡದಲ್ಲಿ ಏನೆನ್ನುತ್ತೇವೆ? ರಸಿಕ. ಶೋಕಿಲಾಲ. ಬೈಯಬೇಕೆಂದರೂ ಚಪಲಚೆನ್ನಿಗರಾಯ ಅನ್ನುತ್ತೇವೆ, ಬೈಗುಳವೋ ಮುದ್ದೋ ತಿಳಿಯದು. ಅದೇ ಕೆಲಸ ಹೆಂಗಸು ಮಾಡಿದರೆ ಜಾರಿಣಿ, ಹಾದರಗಿತ್ತಿ... ಉಳಿದ ಶಬ್ದಗಳನ್ನು ಇಲ್ಲಿ ಹೇಳಲಾರೆ, ನಿಮಗೆ ಗೊತ್ತಿವೆ. ಕನ್ನಡವನ್ನು ಉಳಿಸಬೇಕು, ಬೆಳೆಸಬೇಕು ಎನ್ನುವ ನಾವು ಕನ್ನಡದ ಈ ತಕ್ಕಡಿ ಯಾಕೆ ಒಂದೇ ಕಡೆ ವಾಲಿದೆ ಎಂದೂ ಕೇಳಬೇಕಲ್ಲವೇ?

ಭಾಷೆಯ ತಕ್ಕಡಿಯಂತೆಯೇ ಕಾನೂನಿನ ತಕ್ಕಡಿಯೂ ಇತ್ತು. 1860ರ ದಂಡಸಂಹಿತೆಯ 497ನೇ ಕಲಮು ಏನು ಹೇಳುತ್ತಿತ್ತು? ಇನ್ನೊಬ್ಬನ ಹೆಂಡತಿಯ ಜೊತೆ ಅವಳ ಗಂಡನ ಒಪ್ಪಿಗೆಯಿಲ್ಲದೆ ಸಂಬಂಧ ಇಟ್ಟುಕೊಂಡ ಗಂಡಸಿಗೆ 5 ವರ್ಷದವರೆಗೆ ಜೈಲು. ಒಪ್ಪಿಗೆ ಗಂಡನದು, ಗಮನಿಸಿ! ಹೆಂಡತಿ ಅಂದರೆ ಹೊಲವೋ, ಎತ್ತೋ? ದೂರು ಕೊಡುವ ಹಕ್ಕೂ ಗಂಡನಿಗೇ. ತನ್ನ ಗಂಡ ಬೇರೆಯವಳ ಜೊತೆ ಹೋದನೆಂದು ಹೆಂಡತಿ ಈ ಕಲಮಿನಡಿ ದೂರು ಕೊಡುವಂತೆಯೇ ಇರಲಿಲ್ಲ. ಆ ಇನ್ನೊಬ್ಬಳು ಮದುವೆಯಾಗದವಳಾದರೆ ಅಪರಾಧವೇ ಅಲ್ಲ. ಅಂದರೆ 2005ರಲ್ಲಿ ಶ್ರುತಿಯ ಪಾತ್ರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದರೆ ವ್ಯಭಿಚಾರದ ಕೇಸೇ ಇಲ್ಲ ಹೋಗಮ್ಮ ಎನ್ನುತ್ತಿದ್ದರು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 27ರಂದು ಆ ಕಲಮನ್ನು ಕಿತ್ತೆಸೆಯಿತು, ಹೆಂಡತಿಗೆ ಗಂಡ ಒಡೆಯನಲ್ಲ ಎಂದಿತು. ಈಗ ಅದು ಯಾರಿಗೂ ಅಪರಾಧವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ಗಂಡ-ಹೆಂಡತಿ ಇಬ್ಬರಿಗೂ ವಿಚ್ಛೇದನಕ್ಕೆ ಅದೊಂದು ಕಾರಣವಾಗಿ ಉಳಿದಿದೆ. ಆದರೆ ನಮ್ಮ ಹಾಸ್ಯಚಿತ್ರಗಳು ಆ ಬಾಗಿಲಿನಿಂದ ಹೆಂಡತಿಯನ್ನು ಹೊರಗೆ ಕಳಿಸಿ ಕಥೆ ಮುಗಿಸುವುದಿಲ್ಲ. ಹಾಗೆ ಮುಗಿಸಿದರೆ ಮನೆಮಂದಿ ಕೂತು ನಗಲಾರರು ಎಂಬ ಭಯ.

ಇನ್ನು ಆ ಚಿತ್ರದ ಭಾಷೆ. ನಮ್ಮ ಸಭೆಯಲ್ಲಿ ಇದನ್ನು ಬಿಟ್ಟು ಹೇಗೆ ಮಾತಾಡಲಿ? ತಮಿಳಿನಲ್ಲಿ ಕಮಲ್ ಆಡಿದ್ದು ಕೊಯಮತ್ತೂರು ಕಡೆಯ ತಮಿಳು. ಅದರ ಜಾಗದಲ್ಲಿ ಕನ್ನಡದಲ್ಲಿ ಹುಬ್ಬಳ್ಳಿ-ಧಾರವಾಡದ ಮಾತು ಬಂತು. ಕನ್ನಡ ತಮಿಳಿನಿಂದ ಹುಟ್ಟಿತೆಂದು 2025ರಲ್ಲಿ ಕಮಲ್ ಆಡಿದ ಮಾತಿನ ಬಗ್ಗೆ ನನಗೂ ಸಿಟ್ಟಿದೆ, ಆ ಸಿಟ್ಟನ್ನು ಇಲ್ಲಿಗೆ ತರುವುದಿಲ್ಲ. ಆ ಮಾತಿನ ಧಾಟಿ ಹಿಡಿಯಲು ಅವರು ಪಟ್ಟ ಶ್ರಮ ದೊಡ್ಡದು. ನನ್ನ ತಕರಾರು ಬೇರೆ. ಗಂಡ, ಹೆಂಡತಿ, ಪ್ರೇಮ, ಕಣ್ಣೀರು ಇವೆಲ್ಲ ಬೆಂಗಳೂರು-ಮೈಸೂರಿನ ಕನ್ನಡಕ್ಕೆ, 'ಯಾಕ್ರೀ', 'ಹೌದಲ್ರೀ', 'ಏನ್ ಮಾಡಾಕತ್ತೀ' ಎಂಬುದೆಲ್ಲ ನಗಿಸಲಿಕ್ಕೆ. ಈ ಹಂಚಿಕೆ ಮಾಡಿದವರು ಯಾರು? ಒಂದು ಚಿತ್ರದ ಮಾತಲ್ಲ ಇದು, ಎಷ್ಟು ಚಿತ್ರಗಳಲ್ಲಿ, ಎಷ್ಟು ಧಾರಾವಾಹಿಗಳಲ್ಲಿ ಹೀಗೇ ನಡೆದಿದೆ! ಅದೇ ಸೀಮೆಯ ಮಾತಿನಲ್ಲಿ ದಾಂಪತ್ಯದ್ರೋಹದ ಎಂಥ ಕಥೆ ಇದೆ ಗೊತ್ತೇ? 'ಸಂಗ್ಯಾ ಬಾಳ್ಯಾ'. ಬೈಲಹೊಂಗಲದ ಕಡೆಯ ಸಣ್ಣಾಟ. ಸಂಗ್ಯಾ ಇನ್ನೊಬ್ಬನ ಹೆಂಡತಿ ಗಂಗಾಳನ್ನು ಬಯಸುತ್ತಾನೆ, ಗೆಳೆಯ ಬಾಳ್ಯಾ ನಡುವೆ ನಿಲ್ಲುತ್ತಾನೆ, ಕೊನೆಗೆ ಗಂಡನ ಕಡೆಯವರ ಕೈಯಲ್ಲಿ ಸಂಗ್ಯಾ ಹೆಣವಾಗುತ್ತಾನೆ. ರಾತ್ರಿಯಿಡೀ ಹಾಡಿ ಆಡುತ್ತಾರೆ. ಗೆಳೆಯನೆಂದರೆ ಏನು, ಮೋಸವೆಂದರೆ ಏನು ಎಂದು ಆ ಕನ್ನಡದಲ್ಲಿ ಕೇಳಿಬಿಟ್ಟರೆ ಯಾರಿಗೂ ನಗು ಬರುವುದಿಲ್ಲ.

ಡಬ್ಬಿಂಗ್ ಬೇಡ ಎಂದು ನಮ್ಮ ಚಿತ್ರರಂಗ ದಶಕಗಟ್ಟಲೆ ಕಾವಲು ಕೂತಿತ್ತು. 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ತೀರ್ಪು ಕೊಟ್ಟ ಕಥೆ ನಿಮಗೆ ಗೊತ್ತು. ಆ ವಾದ ಇವತ್ತು ಬೇಡ. ಆದರೆ ಮುಂಬಾಗಿಲಿನಲ್ಲಿ ಕಾವಲಿಟ್ಟು ಹಿತ್ತಿಲಿನಿಂದ ರೀಮೇಕುಗಳನ್ನು ಬಂಡಿಗಟ್ಟಲೆ ಇಳಿಸಿಕೊಂಡೆವಲ್ಲ, ಅದಕ್ಕೆ ಏನೆನ್ನೋಣ? ತಮಾಷೆ ನೋಡಿ, ಇದೇ ಬಾಲು ಮಹೇಂದ್ರ ನಿರ್ದೇಶಕರಾದದ್ದೇ ಕನ್ನಡದಲ್ಲಿ. 1977ರ 'ಕೋಕಿಲ', ನಾಯಕ ಇದೇ ಕಮಲಹಾಸನ್. ಪ್ರೀತಿಸಿದವಳಿದ್ದೂ ಇನ್ನೊಬ್ಬಳ ಜೊತೆ ಜಾರಿದ ಹುಡುಗನ ಕಥೆ, ತೇಲಿಸದೆ ಹೇಳಿದ್ದು. ಆ ಚಿತ್ರ ಮದರಾಸಿನಲ್ಲಿ ಕನ್ನಡದಲ್ಲೇ ಓಡಿತು. ಅದೇ ಮನುಷ್ಯನ ಹಗುರ ಕಥೆಯನ್ನು ಮುಂದೆ ನಾವು ಕೊಂಡು ತಂದೆವು.

ಹಾಗಾದರೆ ಕನ್ನಡದ ನೆಲದಲ್ಲಿ ಇಂಥ ಕಥೆಗೆ ನಗುತ್ತಲೇ ನ್ಯಾಯ ಹೇಳಿದವರು ಇಲ್ಲವೇ? ಇದ್ದಾರೆ. 1980ರ ದಶಕದ ಕೊನೆಗೆ ಗಿರೀಶ ಕಾರ್ನಾಡರು 'ನಾಗಮಂಡಲ' ಬರೆದರು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು, ನಮ್ಮ ಅಜ್ಜಿಯರು ಅಡುಗೆಮನೆಯಲ್ಲಿ ಹೇಳಿಕೊಂಡಂಥವು. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಉಣ್ಣಲಿಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಅವನದೇ ರೂಪ ಹೊತ್ತು ನಾಗ ಬರುತ್ತದೆ. ಹಗಲು ಗದರುವ ಗಂಡ, ರಾತ್ರಿ ಪ್ರೀತಿಸುವ ಗಂಡ! ರಾಣಿ ಬಸುರಿಯಾದಾಗ ಅಪ್ಪಣ್ಣ ಪಂಚಾಯ್ತಿ ಕೂಡಿಸುತ್ತಾನೆ. ಬೀಗ ಹಾಕಿ ಹೋದವನು ರಾತ್ರಿ ಎಲ್ಲಿದ್ದ? ಅವಳ ಶೀಲಕ್ಕೆ ಪರೀಕ್ಷೆ, ಅವನಿಗೆ ಯಾವುದೂ ಇಲ್ಲ. ಅವಳು ಹುತ್ತಕ್ಕೆ ಕೈಯಿಟ್ಟು ನಾಗರವನ್ನೇ ಹಿಡಿದು ಪ್ರಮಾಣ ಮಾಡುತ್ತಾಳೆ: ಗಂಡನನ್ನೂ ಈ ನಾಗರವನ್ನೂ ಬಿಟ್ಟು ಬೇರೆ ಯಾವ ಗಂಡಸನ್ನೂ ಮುಟ್ಟಿಲ್ಲ. ಹೇಳಿದ್ದೆಲ್ಲ ನಿಜ! ಊರಿಗೆ ಊರೇ ಕಾಲಿಗೆ ಬೀಳುತ್ತದೆ. ಗಂಡ ಬಾಯಿ ಮುಚ್ಚಿಕೊಳ್ಳುತ್ತಾನೆ. ಆ ಸೂಳೆ ರಾಣಿಯ ಮನೆಗೆ ನೀರು ಹೊರಲು ಬರುತ್ತಾಳೆ. ಇಲ್ಲಿ ಜಾರಿದ ಹೆಂಡತಿ ಹೆಣವಾಗಲಿಲ್ಲ, ದೇವಿಯಾದಳು!

1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರು ಈ ನಾಟಕವನ್ನು ಆಡಿತು, 1997ರಲ್ಲಿ ನಾಗಾಭರಣ ಸಿನಿಮಾ ಮಾಡಿದರು. ಇಂಗ್ಲೆಂಡಿನಿಂದ ಹೊರಟ ಕಥೆ ನಾಲ್ಕು ಕಡೆ ಸವೆದು ನಮಗೆ ತಲುಪುವ ಹೊತ್ತಿಗೆ, ನಮ್ಮ ಅಡುಗೆಮನೆಯ ಕಥೆ ಸಮುದ್ರ ದಾಟಿ ಹೋಗಿ ಬಂದಾಗಿತ್ತು.

ನಿಮ್ಮಲ್ಲಿ ಧಾರಾವಾಹಿಗೆ, ವೆಬ್ ಸರಣಿಗೆ ಸಂಭಾಷಣೆ ಬರೆಯುವ ಆಸೆ ಇರುವವರು ಐದಾರು ಮಂದಿ ಇದ್ದೀರೆಂದು ಈ ಸಭೆ ನಡೆಸುವವರು ಹೇಳಿದರು. 'ನಾಗಮಂಡಲ'ದ ಪುಸ್ತಕದ ಎರಡು ಪ್ರತಿ ತಂದಿದ್ದೇನೆ, ಕೈಯಿಂದ ಕೈಗೆ ಓದಿ. ಆಮೇಲೆ ಆ ಪಂಚಾಯ್ತಿಯ ದೃಶ್ಯವನ್ನು ಇವತ್ತಿನ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ತಂದು ಬರೆದು ನೋಡಿ. ಗಂಡ ಬಸವನಗುಡಿಯ ಕನ್ನಡ ಆಡಲಿ, ಹೆಂಡತಿ ಧಾರವಾಡದವಳಾಗಿರಲಿ. ಅವಳ ಮಾತಿಗೆ ಯಾರು ನಗುತ್ತಾರೆ, ಯಾವಾಗ ನಗು ನಿಲ್ಲಿಸುತ್ತಾರೆ, ಮುಂದಿನ ಸಭೆಯಲ್ಲಿ ಓದಿ ನೋಡೋಣ.