ರಸ್ತೆ ಕುಸಿಯುವ ಮುನ್ನ



ಜಪಾನಿನ ಯಾಶಿಯೊ ನಗರದಲ್ಲಿ 2025ರ ಜನವರಿ 28ರಂದು ರಸ್ತೆಗಳು ಕೂಡುವೆಡೆ ನೆಲ ಏಕಾಏಕಿ ಕುಸಿದು ಲಾರಿಯೊಂದು ಒಳಗೆ ಬಿದ್ದಿತು. ಚಾಲಕ ಬದುಕಿ ಬರಲಿಲ್ಲ. ನೀರಿನ ಬಳಕೆ ತಗ್ಗಿಸುವಂತೆ ಸುತ್ತಲಿನ ಸುಮಾರು 12 ಲಕ್ಷ ನಿವಾಸಿಗಳನ್ನು ಕೋರಲಾಯಿತು.

ಕುಸಿತವು ಕ್ಷಣದ್ದಾದರೂ ಕಾರಣ ಹಳೆಯದು. ಅಲ್ಲಿ ಸುಮಾರು 10 ಮೀಟರ್ ಆಳದಲ್ಲಿ, 1983ರಿಂದ ಬಳಕೆಯಲ್ಲಿದ್ದ ಒಳಚರಂಡಿ ಕೊಳವೆಯಿತ್ತು. ಕೊಳಚೆಯಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಅನಿಲವು ಕೊಳವೆಯ ಮೇಲ್ಭಾಗದಲ್ಲಿ ಆಮ್ಲವಾಗಿ ಪರಿಣಮಿಸಿ ಕಾಂಕ್ರೀಟನ್ನು ಸವೆಸುತ್ತದೆ. ಬಿರುಕು ಬಿಟ್ಟೊಡನೆ ಸುತ್ತಲಿನ ಮಣ್ಣು ನೀರಿನೊಡನೆ ಒಳಗಿಳಿದು ಹರಿದುಹೋಗುತ್ತದೆ. ಕೆಳಗೆ ಪೊಳ್ಳು ಬೆಳೆಯುತ್ತದೆ. ಮೇಲೆ ಡಾಂಬರಿನ ಪದರ ಮಾತ್ರ ಉಳಿಯುತ್ತದೆ. ಬಳಿಕ ಒಂದು ವಾಹನದ ಭಾರವೇ ಸಾಕು.

ಕುಡಿಯುವ ನೀರಿನ ಕೊಳವೆ ಸೋರಿದರೂ ಮಣ್ಣು ಹೀಗೆಯೇ ಕೊಚ್ಚಿಹೋಗಬಲ್ಲದು. ಕೊಳವೆಗಾಗಿ ಅಗೆದ ಕಂದಕವನ್ನು ಸಡಿಲವಾಗಿ ಮುಚ್ಚಿದಲ್ಲಿ ಅಪಾಯ ಇನ್ನೂ ಹೆಚ್ಚು. ಆದುದರಿಂದ ಕಂದಕಕ್ಕೆ ಪದರ ಪದರವಾಗಿ ಮಣ್ಣು ತುಂಬಿ ದಮ್ಮಸ್ಸು ಮಾಡತಕ್ಕದ್ದು. ಮಳೆಯಿಲ್ಲದ ದಿನವೂ ರಸ್ತೆಯಲ್ಲಿ ನೀರು ಒಸರಿದರೆ, ಮುಚ್ಚಿದ ಗುಂಡಿ ಮತ್ತೆ ಮತ್ತೆ ತಗ್ಗಿದರೆ, ಮ್ಯಾನ್‌ಹೋಲ್‌ನಲ್ಲಿ ಮಣ್ಣು ಶೇಖರವಾದರೆ, ಮೇಲೆ ಜಲ್ಲಿ ಸುರಿಯುವ ಮುನ್ನ ಕೆಳಗಿನ ಕೊಳವೆಯನ್ನು ಪರೀಕ್ಷಿಸತಕ್ಕದ್ದು. ಅಲ್ಲಿಯವರೆಗೆ ಭಾರಿ ವಾಹನಗಳನ್ನು ಆ ಮಾರ್ಗದಲ್ಲಿ ಬಿಡಬಾರದು.