ಉಳಿದ ತಂಡ, ಮುಳುಗಿದ ವಿಮಾನ ಸಂಸ್ಥೆ



ಬಸವನಗುಡಿಯಿಂದ ಕಬ್ಬನ್ ಪಾರ್ಕಿನತ್ತ ಹೋಗುವಾಗ ವಿಠಲ ಮಲ್ಯ ರಸ್ತೆಯನ್ನು ನೀವೆಲ್ಲ ನೋಡಿದ್ದೀರಿ. ಆ ಉದ್ಯಮಿ 1983ರಲ್ಲಿ ತೀರಿಕೊಂಡಾಗ ಯುಬಿ ಸಮೂಹದ ಹೊಣೆ ಹೊತ್ತ ಮಗ ವಿಜಯ ಮಲ್ಯರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ರೇಸಿನ ಹುಚ್ಚು ಮೊದಲೇ ಇತ್ತು. ಮದರಾಸಿನ ಬಳಿಯ ಶೋಲಾವರಂನಲ್ಲಿ ಸ್ವತಃ ಕಾರು ಓಡಿಸಿದ್ದರು.

2007ರಲ್ಲಿ ಡಚ್ ಪಾಲುದಾರರೊಡನೆ ಸ್ಪೈಕರ್ ತಂಡವನ್ನು 8.8 ಕೋಟಿ ಯೂರೋಗೆ ಕೊಂಡರು. ಅದು ‘ಫೋರ್ಸ್ ಇಂಡಿಯಾ’ ಆಗಿ ಮರುವರ್ಷ ಫಾರ್ಮುಲಾ ಒನ್ ಕಣಕ್ಕಿಳಿಯಿತು. ಮೊದಲ ವರ್ಷ ಒಂದು ಅಂಕವೂ ಸಿಗಲಿಲ್ಲ. 2009ರಲ್ಲಿ ಬೆಲ್ಜಿಯಂನಲ್ಲಿ ಫಿಸಿಕೆಲ್ಲಾ ಎರಡನೆಯವರಾದರು. 2016 ಮತ್ತು 2017ರಲ್ಲಿ ದೊಡ್ಡ ಕಾರು ಕಂಪನಿಗಳ ನಡುವೆ ತಂಡಕ್ಕೆ ನಾಲ್ಕನೇ ಸ್ಥಾನ ದೊರೆಯಿತು.

ಆದರೆ ಮಲ್ಯರು 2005ರಲ್ಲಿ ಆರಂಭಿಸಿದ್ದ ಕಿಂಗ್‌ಫಿಷರ್ ವಿಮಾನ ಸಂಸ್ಥೆ ಸಾಲದಲ್ಲಿ ಮುಳುಗಿ 2012ರಲ್ಲಿ ಹಾರಾಟ ನಿಲ್ಲಿಸಿತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. 2016ರ ಮಾರ್ಚಿನಲ್ಲಿ ಮಲ್ಯರು ಇಂಗ್ಲೆಂಡಿಗೆ ಹೋದರು. ಮುಂಬಯಿಯ ವಿಶೇಷ ನ್ಯಾಯಾಲಯ 2019ರಲ್ಲಿ ಅವರನ್ನು ‘ತಲೆಮರೆಸಿಕೊಂಡ ಆರ್ಥಿಕ ಅಪರಾಧಿ’ ಎಂದು ಘೋಷಿಸಿತು.

2018ರ ಜುಲೈನಲ್ಲಿ ರೇಸ್ ತಂಡದ ಬೊಕ್ಕಸವೂ ಬರಿದಾಯಿತು. ಆಗ ಹಣ ಬಾಕಿಯಿದ್ದ ಚಾಲಕ ಸೆರ್ಜಿಯೊ ಪೆರೆಜ್ ಅವರೇ ಲಂಡನ್ನಿನ ಕೋರ್ಟಿಗೆ ಹೋದರು. ತಂಡ ಆಡಳಿತಾಧಿಕಾರಿಗಳ ವಶಕ್ಕೆ ಬಂದು, ಕೆಲವೇ ವಾರಗಳಲ್ಲಿ ಹೊಸ ಮಾಲೀಕರ ಕೈ ಸೇರಿತು. 400ಕ್ಕೂ ಹೆಚ್ಚು ಮಂದಿಯ ಕೆಲಸ ಉಳಿಯಿತು. 2021ರಿಂದ ಆಸ್ಟನ್ ಮಾರ್ಟಿನ್ ಎಂಬ ಹೆಸರಿನಲ್ಲಿ ಓಡುತ್ತಿರುವುದು ಇದೇ ತಂಡ.

ನಮ್ಮಲ್ಲಿ ದಿವಾಳಿ ಸಂಹಿತೆ ಬಂದದ್ದು 2016ರಲ್ಲಿ. ಆ ಹೊತ್ತಿಗೆ ವಿಮಾನಗಳು ನೆಲಕ್ಕಿಳಿದು ನಾಲ್ಕು ವರ್ಷವಾಗಿತ್ತು. ಒಡೆಯ ಸೋತರೂ ದುಡಿಯುವವರು ಉಳಿಯಬೇಕಾದರೆ ಕಾನೂನು ಸಕಾಲದಲ್ಲಿ ಕೈಗೆಟುಕಬೇಕು.